ನಿಗಿನಿಗಿ ಇಲ್ಲ

೩ ಏಪ್ರಿಲ್, ಮಧ್ಯಾಹ್ನ ೨

ಬೆಳಗಿನಿಂದ ಎರಡು ಬಸ್ತಾ, ಅಂದರೆ ಮದುವೆ ಜವಳಿಯ ಖರೀದಿ. ಒಂದು ಕಿತ್ತೂರಿನದು, ಒಂದು ಸಾಲಹಳ್ಳಿಯದು. ನೂರು ಸೀರೆ ಬಿಚ್ಚಿದೆ, ನೂರು ಮಡಚಿದೆ. ಸೊಂಟ ನನ್ನದಲ್ಲ. ಆದರೂ ಬೈಲಹೊಂಗಲದ ಬಜಾರಿನಲ್ಲಿ ನನ್ನಷ್ಟು ಚುರುಕಾಗಿ ಸೀರೆ ತೋರಿಸುವವರಿದ್ದರೆ ಬರಲಿ, ನೋಡೋಣ.

ನಮ್ಮ ಗುಪ್ತ ಭಾಷೆ ಈಗ ಚೆನ್ನಾಗಿ ಓಡುತ್ತಿದೆ. ಲಂಡನ್ನಿನ ಒಂದು ಕಡೆಯ ಜನ ಹೀಗೆ ಮಾತಾಡುತ್ತಾರಂತೆ, ಮೊಬೈಲಿನಲ್ಲಿ ನೋಡಿದ್ದೆ. ಒಂದು ಪದಕ್ಕೆ ಪ್ರಾಸ ಹಚ್ಚುವುದು, ಆಮೇಲೆ ಆ ಪ್ರಾಸವನ್ನೇ ನುಂಗಿಬಿಡುವುದು. ಅವರಿಗೆ ಬಂದದ್ದು ನಮಗೆ ಬಾರದೇ? ಮಾಲಕನಿಗೆ ಬಸ್ ಚಾಲಕ — ನಿಜಗುಣಪ್ಪ ಮಾಲಕರು ಮೆಟ್ಟಿಲು ಹತ್ತಿದರೆ ‘ಬಸ್ ಬಂತು’. ಚೌಕಾಶಿಗೆ ರಾಮೇಶ್ವರ-ಕಾಶಿ — ಜಗ್ಗಾಡುವ ಗಿರಾಕಿ ‘ರಾಮೇಶ್ವರ’. ಚಹಾಕ್ಕೆ ಓಂ ಸ್ವಾಹಾ — ‘ಓಂ ತರಿಸು’. ನನ್ನ ಜೊತೆ ಕೆಲಸ ಮಾಡುವ ಗಂಗಾ ಮೊದಲ ವಾರ ತಿಣುಕಿದಳು. ಈಗ ಗಿರಾಕಿಯ ಮುಂದೆಯೇ ಮಾತು, ಗಿರಾಕಿಗೆ ಸುಳಿವಿಲ್ಲ.

೯ ಏಪ್ರಿಲ್, ಸಂಜೆ

ಮಾಲಕರು ಕೇಳಿಸಿಕೊಂಡರು. "ಯಾವ ಬಸ್ಸವಾ? ನಮ್ಮಂಗಡಿ ಮುಂದ ಸ್ಟಾಪ್ ಯಾವಾಗ ಆತು?" ಗಂಗಾ ನಗು ತಡೆಯಲಾರದೆ ಸೀರೆಯ ರಾಶಿಯ ಹಿಂದೆ ಕುಳಿತುಬಿಟ್ಟಳು.

ಇವತ್ತು ಕಟ್ಟಿದ ಪದ ಎಲ್ಲಕ್ಕಿಂತ ಭಾರಿ. ಬಸ್ತಾ ಮುಗಿದ ಮೇಲೆ ಬಂದ ಹೆಣ್ಣುಮಕ್ಕಳಿಗೆಲ್ಲ ಅಂಗಡಿಯಿಂದ ಉಡಿ ತುಂಬುತ್ತೇವೆ — ಒಡ್ಡಿದ ಸೆರಗಿಗೆ ಖಣ, ಕಾಯಿ, ಅಕ್ಕಿ, ಅರಿಶಿನ-ಕುಂಕುಮ. ಗಂಡ ತೀರಿದವರ ಮುಂದೆ ತಾಟು ಒಯ್ಯುವಂತಿಲ್ಲ. ಆದರೆ ಈಗ ಎಲ್ಲರ ಹಣೆಯಲ್ಲೂ ಟಿಕಳಿ. ಕೇಳಿದರೆ ಅವರಿಗೆ ನೋವು, ಕೇಳದಿದ್ದರೆ ನನಗೆ ಮಾಲಕರ ಬೈಗುಳ. ಗಂಡನಿಗೆ ಪ್ರಾಸ — ನಿಗಿನಿಗಿ ಕೆಂಡ. ಕೆಂಡ ನುಂಗಿದೆ. ಜೊತೆಗೆ ಬಂದವರಿಂದ ಮೆಲ್ಲಗೆ ತಿಳಿದುಕೊಂಡು ‘ನಿಗಿನಿಗಿ ಇಲ್ಲ’ ಎಂದರೆ ಸಾಕು, ಗಂಗಾ ತಾಟನ್ನು ಮುಂದಿನವರಿಗೆ ದಾಟಿಸುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

೧೭ ಏಪ್ರಿಲ್, ಮಧ್ಯಾಹ್ನ ೩

ಹೂಲಿಯ ಸುಂದರವ್ವ ಬಂದಿದ್ದರು. ಮಗಳು ಪೂನಮ್‌ಳ ಮದುವೆ. ಜೊತೆಗೆ ನಾದಿನಿ ಶಟ್ಟೆವ್ವ. ಮೂರು ತಾಸು ಗಾದಿಯ ಮೇಲೆ ಕುಳಿತು ಒಂದೊಂದು ಸೆರಗನ್ನೂ ಬೆಳಕಿಗೆ ಹಿಡಿದು ನೋಡಿದರು. ಗದ್ದಲವಿಲ್ಲ, ಜಗ್ಗಾಟವಿಲ್ಲ. ಇಂಥ ಗಿರಾಕಿ ವರ್ಷಕ್ಕೊಬ್ಬರು. ತನ್ನ ಅಣ್ಣ, ಅಂದರೆ ಸುಂದರವ್ವನ ಗಂಡ, ತೀರಿಕೊಂಡು ಆರು ವರ್ಷವಾಯಿತೆಂದು ಶಟ್ಟೆವ್ವ ನನ್ನ ಕಿವಿಯಲ್ಲಿ ಹೇಳಿದರು.

ಕೂಗಿದೆ. "ಗಂಗಾ, ನಡುವಿನವರಿಗೆ ನಿಗಿನಿಗಿ ಇಲ್ಲ."

ಶಟ್ಟೆವ್ವನ ಉಡಿ ತುಂಬಿತು. ಪೂನಮ್‌ಳದೂ ತುಂಬಿತು. ನಡುವೆ ಸುಂದರವ್ವ ಸೆರಗನ್ನು ಸ್ವಲ್ಪ ಮುಂದೆ ತಂದಿದ್ದರು. ಮತ್ತೆ ಹಿಂದೆ ಎಳೆದುಕೊಂಡರು.

ಹೊರಡುವಾಗ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದರು.

"ತಂಗಿ, ಓಂ ಅಂದಿ, ಚಹಾ ಬಂತು. ಬಸ್ ಅಂದಿ, ನಿಮ್ಮ ಸಾವಕಾರ್ರು ಬಂದ್ರು. ನಿಗಿನಿಗಿ ಇಲ್ಲಂದಿ, ತಾಟ ನನ್ನ ದಾಟಿ ಹೋತು. ಮೂರು ತಾಸು ಕುಂತೇನಿ, ಇಷ್ಟೂ ತಿಳಿಯೂದಿಲ್ಲೇನು?"

ಕೈ ಬಿಡಿಸಿಕೊಳ್ಳಲು ನೋಡಿದೆ. ಬಿಡಲಿಲ್ಲ.

"ತಾಟ ದಾಟಸೂದು ಮಂದಿ ರೂಢಿ. ಮಗಳ ಬಸ್ತಾದಾಗರ ತುಂಬ್ತಾರೇನೋ ಅಂತ ಆಶಾ ಇತ್ತು, ಅಷ್ಟ. ಆದ್ರ ಅದಕ್ಕೊಂದು ಚ್ಯಾಷ್ಟಿ ಮಾತು ಬ್ಯಾರೆ ಕಟ್ಟೀರಲ್ಲವಾ... ಜಾಣಿ ಅದಿ."

೧೮ ಏಪ್ರಿಲ್

"ಓಂ ತರಿಸ್ಲೇನ?" ಎಂದಳು ಗಂಗಾ. "ಚಹಾ ಅನ್ನು" ಎಂದು ಗದರಿದೆ. ಪಾಪ, ಅವಳದೇನು ತಪ್ಪು. ಪದ ನನ್ನದು.

೨೬ ಏಪ್ರಿಲ್, ಬೆಳಿಗ್ಗೆ

ಎಂಟು ದಿನ ಈ ವಹಿ ಮುಟ್ಟಲಿಲ್ಲ. ನಾಚಿಕೆ. ಈಗ ನಾಚಿಕೆಯೂ ಸಾಕಾಯಿತು. ಮಂಗಳವಾರ ಸುಂದರವ್ವ ಫಾಲ್ ಹಚ್ಚಿದ ಸೀರೆ ಒಯ್ಯಲು ಬರುತ್ತಾರೆ. ಅವರಿಗೂ ಉಡಿ ತುಂಬುತ್ತೇನೆ ಎಂದು ಮಾಲಕರಿಗೆ ಹೇಳಿಯೇಬಿಟ್ಟೆ.

"ಹುಚ್ಚು ಹಿಡದೈತೇನು ರಾಜೇಶ್ವರಿ? ನೋಡಿದ ಹೆಣ್ಮಕ್ಕಳು ಮಾರಿ ಸಿಂಡರಿಸಿದ್ರ ಮುಂದಿನ ಬಸ್ತಾ ಎಲ್ಲಾ ಸವದತ್ತಿಗೆ ಹೋಗ್ತಾವ."

"ನನ್ನ ಕೈಲೆ ತುಂಬತೇನ್ರಿ. ಬೈದ್ರ ನನಗ ಬೈಲಿ."

"ತುಂಬಿದ್ರ ಮರುದಿನದಿಂದ ಕೆಲಸಕ್ಕ ಬರಬ್ಯಾಡ."

ಹತ್ತು ವರ್ಷದ ಕೆಲಸ. ಮನೆ ನಡೆಯುವುದು ಇದರಿಂದಲೇ. ಗೊತ್ತು. ಆದರೂ ತುಂಬುವವಳೇ.

೨೯ ಏಪ್ರಿಲ್, ಬೆಳಿಗ್ಗೆ ೧೦.೩೦

ತಾಟು ಸಿದ್ಧ. ಖಣ ನಾನೇ ಮನೆಯಿಂದ ತಂದದ್ದು, ಅಂಗಡಿಯದಲ್ಲ. ಮೊದಲು ಅವರನ್ನೇ ಕೇಳುತ್ತೇನೆ, ನೇರ ಮಾತಿನಲ್ಲಿ. ಬೇಡವೆಂದರೆ ಕಾಲು ಮುಟ್ಟಿ ಸುಮ್ಮನಾಗುತ್ತೇನೆ.

೧೧.೪೫

ಗಂಗಾ ಹೋಟೆಲಿಗೆ ಹೋಗಿದ್ದಾಳೆ. ಅವಳು ಬರುವಷ್ಟರಲ್ಲಿ ಇಷ್ಟು ಬರೆಯಬೇಕು.

"ಸುಂದರವ್ವಾರ, ಉಡಿ ತುಂಬಲೇನ್ರಿ?" ಎಂದೆ. ಅಂಗಡಿ ತುಂಬ ಜನ. ಶಟ್ಟೆವ್ವ ಬಾಯಿ ತೆರೆದರು. "ಸುಮ್ಮಿರು ಅತ್ತಿ" ಎಂದಳು ಪೂನಮ್. ಸುಂದರವ್ವ ಸೆರಗು ಒಡ್ಡಿದರು. ಖಣ, ಕಾಯಿ, ಅಕ್ಕಿ ಹಾಕಿದೆ. ಅರ್ಧ ಅಕ್ಕಿ ಗಾದಿಯ ಮೇಲೆ.

ಕುಂಕುಮ ಹಚ್ಚುವಾಗ ನನ್ನ ಕಿವಿಯ ಹತ್ತಿರ ಬಾಗಿದರು. "ನಿನ್ನ ಹಿಂದ ಬಸ್ ನಿಂತೈತಿ, ತಂಗಿ."

"ನಿಂದರ್ಲಿ ಬಿಡ್ರಿ."

ನಕ್ಕರು. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಗಾದಿಯ ಮೇಲೆ ಕುಳಿತೇಬಿಟ್ಟರು. ಅಂಗಡಿಗೆಲ್ಲ ಕೇಳುವಂತೆ, "ಹಂಗಾದ್ರ ಓಂ ತರಸವಾ. ಕುಡದ ಹೋಗ್ತೇನಿ" ಎಂದರು.

ಮಾಲಕರು ಒಳಗಿನಿಂದ ಕರೆಯುತ್ತಿದ್ದಾರೆ. ಇದು ಎರಡನೆಯ ಸಲ. ಕರೆಯಲಿ. ಓಂ ಬಂತು. ಮೊದಲು ಸುಂದರವ್ವನವರಿಗೆ ಕೊಟ್ಟು, ಆಮೇಲೆ ಒಳಗೆ ಹೋಗುತ್ತೇನೆ.