ಬೆಂಗಾವಲು ಬಿಟ್ಟು ಇಳಿದುಹೋದ ಹೃದ್ರೋಗ ತಜ್ಞೆಯ ವಿವರಣೆ

ನನಗೆ ನೋಟಿಸು ಕಳಿಸಿದ ಮಾನ್ಯ ಮೇಲಧಿಕಾರಿಗಳೇ,

ಗಣ್ಯರ ಬೆಂಗಾವಲು ಕರ್ತವ್ಯದ ನಡುವೆ ಅನುಮತಿಯಿಲ್ಲದೆ ಇಳಿದುಹೋದದ್ದೇಕೆಂದು ವಿವರಣೆ ಕೇಳಿದ್ದೀರಿ. ಕೊಡುತ್ತೇನೆ. ಲಕೋಟೆಯಲ್ಲಿಟ್ಟು ಕೊಟ್ಟರೆ ಅದು ನಿಮ್ಮ ಕಚೇರಿಯ ಕಡತದೊಳಗೆ ಸುಖವಾಗಿ ನಿದ್ದೆಹೋಗುತ್ತದೆ, ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾನು ಇಳಿದುಹೋದದ್ದು ನಿಜ. ಅಂದೇ ಉಮ್ಮತ್ತೂರಿನ ಚೆಲುವಯ್ಯ ಎಂಬುವರು ನಮ್ಮ ಆಸ್ಪತ್ರೆಯಲ್ಲಿ ಸತ್ತದ್ದೂ ನಿಜ. ನಿಮ್ಮ ನೋಟಿಸಿನಲ್ಲಿ ಮೊದಲನೆಯದು ಮಾತ್ರ ಇದೆ.

ಹೃದಯದ ವೈದ್ಯೆಯಾಗಲು ಎಷ್ಟು ಓದಬೇಕೆಂದು ತಮಗೆ ತಿಳಿದಿರಲಿಕ್ಕಿಲ್ಲ. ಹರದನಹಳ್ಳಿಯ ಶಾಲೆಯಲ್ಲಿ ನನ್ನ ಪಕ್ಕ ಕೂತಿದ್ದವರ ಮಕ್ಕಳು ಈಗ ಅದೇ ಬೆಂಚಿನಲ್ಲಿ ಕೂತಿದ್ದಾರೆ. ನಾನು ಮೊನ್ನೆಮೊನ್ನೆ ಓದು ಮುಗಿಸಿದೆ. ದೊಡ್ಡ ಊರಿನ ಆಸ್ಪತ್ರೆಗಳು ಕರೆದರೂ ಬೇಡವೆಂದು ಸ್ವಂತ ಜಿಲ್ಲೆಯನ್ನು ಕೇಳಿ ಪಡೆದೆ. ಚಾಮರಾಜನಗರಕ್ಕೆ ಬಂದ ದಿನ ನೀವು ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಭಾಷಣವನ್ನೂ ಮಾಡಿದಿರಿ. ಮರುವಾರವೇ ನನ್ನ ವೃತ್ತಿಯ ಮೊದಲ ಹೊಣೆಯನ್ನು ವಹಿಸಿದಿರಿ: ಗಣ್ಯರ ಕಾರುಗಳ ಹಿಂದೆ, ಕೊನೆಯ ಆಂಬುಲೆನ್ಸಿನಲ್ಲಿ ಸುಮ್ಮನೆ ಕೂತಿರುವುದು. ಇಷ್ಟಕ್ಕೇ ಆಗಿದ್ದರೆ ಇಷ್ಟು ವರ್ಷ ಓದಬೇಕಿತ್ತೇ? ಸುಮ್ಮನೆ ಕೂರುವುದನ್ನು ತಮ್ಮ ಕಚೇರಿಯಲ್ಲೇ ಒಂದು ವಾರದಲ್ಲಿ ಕಲಿಯಬಹುದಿತ್ತು.

ಗಣ್ಯರು ಚಾಮರಾಜನಗರಕ್ಕೆ ಬರುವುದಿಲ್ಲವಷ್ಟೆ. ಈ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ಹೆದರಿಕೆ ಅವರನ್ನು ಇನ್ನೂ ಬಿಟ್ಟಿಲ್ಲ. ಹಾಗಾಗಿ ಇಲ್ಲಿನ ಸಭೆ ಗುಂಡ್ಲುಪೇಟೆಯ ಅತಿಥಿಗೃಹದಲ್ಲಿ ನಡೆಯುತ್ತದೆ, ಇಲ್ಲಿನ ರೋಗಿಗಳಿಗೆಂದು ನೇಮಿಸಿದ ತಜ್ಞೆಯೂ ಅಲ್ಲಿಗೇ ಹೋಗಬೇಕಾಗುತ್ತದೆ. ಅಲ್ಲಿ ನಾನು ಈವರೆಗೆ ನೀಡಿದ ಹೃದಯ ಚಿಕಿತ್ಸೆಯನ್ನು ಕೇಳಿ: ಗಣ್ಯರ ಭಾವಮೈದುನರಿಗೆ ಹೊಟ್ಟೆಯುಬ್ಬರದ ಮಾತ್ರೆ ಕೊಟ್ಟೆ, ಆಪ್ತ ಸಹಾಯಕರ ಬಿ.ಪಿ. ನೋಡಿದೆ. ಗಣ್ಯರ ಹೃದಯವನ್ನೂ ಪರೀಕ್ಷಿಸಿದೆ. ಹೊಸದರಂತಿದೆ, ಬಳಸಿದ ಗುರುತೇ ಇಲ್ಲ. ತಾವು ಚಿಂತಿಸಬೇಕಾಗಿಲ್ಲ.

ಆ ದಿನ ಸಭೆ ಮುಗಿಸಿ ಹೊರಟ ಕಾರುಗಳು ಊಟಿ ರಸ್ತೆಯಲ್ಲಿ ಸೂರ್ಯಕಾಂತಿ ಹೊಲವೊಂದರ ಪಕ್ಕ ನಿಂತವು. ಗಣ್ಯರಿಗೆ ಹೂವಿನ ನಡುವೆ ಫೋಟೋ ಬೇಕಿತ್ತು. ಆಗ ನಮ್ಮ ವಾರ್ಡಿನ ನರ್ಸ್ ಗಿರೀಶ್ ಫೋನ್ ಮಾಡಿದರು. "ಮೇಡಂ, ಅರಿಸಿನ ಮಂಡಿಯಿಂದ ಒಬ್ರುನ್ನ ಕರ್ಕಂಡು ಬಂದವ್ರೆ, ಬಾರಿ ಎದೆನೋವು. ಇಸಿಜಿ ಕಳ್ಸಿವ್ನಿ ನೋಡಿ." ನೋಡಿದೆ. ಅನುಮಾನವೇ ಬೇಡ, ಹೃದಯಾಘಾತ. ಹೆಪ್ಪು ಕರಗಿಸುವ ಇಂಜೆಕ್ಷನ್ ಈಗಲೇ ಕೊಡಿಸಿ ಎಂದೆ. ಗಿರೀಶ್ ದನಿ ಇಳಿಸಿದರು. "ಡ್ಯೂಟಿ ಡಾಕ್ಟ್ರು ಆಗಲ್ಲ ಅಂತಾವ್ರೆ ಮೇಡಂ. ಸ್ಪೆಷಲಿಸ್ಟ್ ಎದುರ್ಗೇ ಕೊಡ್ಬೇಕು ಅಂತ ಆರ್ಡರ್ ಅಂಟ್ಸವ್ರಲ್ಲ."

ಆ ಆದೇಶ ತಮ್ಮದೇ, ಸ್ವಾಮಿ. ನಾನು ಬರುವ ಮೊದಲು ಡ್ಯೂಟಿ ಡಾಕ್ಟರೇ ಆ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸುತ್ತಿದ್ದರು. ನಾನು ಬಂದ ಮೇಲೆ, ದುಬಾರಿ ಔಷಧಿ ಪೋಲಾಗಬಾರದು, ತಜ್ಞರ ಸಮ್ಮುಖದಲ್ಲೇ ಬಳಸತಕ್ಕದ್ದು ಎಂದು ಬರೆದಿರಿ. ಬರೆದ ಕೈಯಲ್ಲೇ ತಜ್ಞರನ್ನು ಹೊಲದ ಬದಿಗೆ ಕಳಿಸುವ ಆದೇಶಕ್ಕೂ ಸಹಿ ಹಾಕಿದಿರಿ. ಸಹಿ ಹಾಕುವ ಮುನ್ನ ಓದುವ ಅಭ್ಯಾಸ ತಮಗಿದೆಯೇ? ಅನುಮತಿ ಕೇಳಲು ತಮಗೇ ಫೋನ್ ಮಾಡಿದೆ. ಬೇರೆ ಯಾರೋ ಎತ್ತಿಕೊಂಡು, "ಸಾಹೇಬ್ರು ಫೋಟೋದಲ್ಲಿ ನಿಂತವ್ರೆ, ಆಮೇಲೆ ಮಾಡಿ" ಎಂದರು. ಸುಳ್ಳು ಹೇಳಲಿಲ್ಲ ಪಾಪ. ಆಂಬುಲೆನ್ಸಿನ ಕಿಟಕಿಯಿಂದ ತಾವು ನನಗೆ ಚೆನ್ನಾಗಿ ಕಾಣುತ್ತಿದ್ದಿರಿ. ನಗುತ್ತಿದ್ದಿರಿ.

ಆಂಬುಲೆನ್ಸು ಸಾಲು ಬಿಟ್ಟು ಕದಲುವಂತಿಲ್ಲ ಎಂದರು ಪೊಲೀಸರು. ಇಳಿದು ರಸ್ತೆಗೆ ಬಂದೆ. ಚೆಂಡುಹೂವಿನ ಮೂಟೆ ಹೇರಿಕೊಂಡಿದ್ದ ಗೂಡ್ಸ್ ಆಟೋವೊಂದಕ್ಕೆ ಕೈ ಅಡ್ಡ ಹಿಡಿದು ವಿಷಯ ಹೇಳಿದೆ. ಅದರ ಚಾಲಕ ಮಾದೇಶ್, "ಅತ್ಕಳಿ ಅಕ್ಕ. ಹೂವ ಇಲ್ಲೇ ಮಡಗ್ಬುಟ್ಟು ಓಗನ, ಗಾಡಿ ಅಗುರಾದ್ರೆ ಬ್ಯಾಗ ಓಯ್ತದೆ" ಎಂದು ಮೂಟೆಗಳನ್ನು ರಸ್ತೆ ಬದಿಗೆ ಉರುಳಿಸಿದರು. ನಾವು ತೆರಕಣಾಂಬಿ ದಾಟುವಾಗ ಗಿರೀಶ್ ಮತ್ತೆ ಫೋನ್ ಮಾಡಿದರು. ಈ ಸಲ ಇಸಿಜಿ ಕಳಿಸಲಿಲ್ಲ.

ವಾರ್ಡಿನ ಹೊರಗೆ ಚೆಲುವಯ್ಯನವರ ಹೆಂಡತಿ ಮಲ್ಲಿಗಮ್ಮ ಕೂತಿದ್ದರು, ಕೈಯೆಲ್ಲ ಅರಿಸಿನ. ಗಂಡ ಹೆಂಡಿರಿಬ್ಬರಿಗೂ ಮಂಡಿಯಲ್ಲೇ ಕೂಲಿ. ಎರಡು ವರ್ಷದ ಹಿಂದೆ ಇದೇ ಎದೆನೋವು ಬಂದಾಗ ಚೆಲುವಯ್ಯ ಸೀದಾ ಮೈಸೂರಿಗೆ ಹೋಗಿ ಬದುಕಿ ಬಂದವರು. ಈ ಸಲ ಯಾಕಮ್ಮ ಹೋಗಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ಮೈಸೂರ್ಗೇ ಒಂಟಿದ್ದೊ ಕಣವ್ವ. ಕಾರು ಈ ಗೇಟ್ ಮುಂದ್ಕೆ ಬಂತು. ಬೋರ್ಡಲ್ಲಿ ನಿಮ್ಮೆಸ್ರು ನೋಡ್ಬುಟ್ಟು ನಮ್ಮನೆಯೋರೇ, ನಿಲ್ಸ್ರಿ, ನಮ್ಮ ಅರದನಳ್ಳಿ ಸಿದ್ದಮಲ್ಲಪ್ನೋರ ಮಗ್ಳು ಅವ್ರೆ ಇಲ್ಲಿ, ಅಷ್ಟು ದೂರ ಯಾಕೆ ಅಂದ್ರು. ನೀವು ಈ ಊರ್ಗೆ ಬರ್ದೇ ಇದ್ದಿದ್ರೆ ಮೈಸೂರ್ಗೇ ಓಗ್ಬುಡ್ತಿದ್ದೊ."

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಮೈಸೂರಿನ ದಾರಿಯಲ್ಲೂ ಆತ ಸಾಯಬಹುದಿತ್ತು ಎಂದು ತಾವು ವಾದಿಸಬಹುದು. ವಾದಿಸಿ. ಔಷಧಿ ಫ್ರಿಜ್ಜಿನಲ್ಲಿತ್ತು, ಕೊಡಬಲ್ಲ ಡಾಕ್ಟರು ಮಂಚದ ಪಕ್ಕದಲ್ಲಿದ್ದರು, ಕೊಡಿ ಎನ್ನುವವಳು ಫೋನಿನಲ್ಲಿದ್ದಳು. ಅಡ್ಡ ನಿಂತದ್ದು ತಮ್ಮ ಸಹಿಯೊಂದೇ.

ನನ್ನ ವಿವರಣೆ ಇಷ್ಟೇ. ಶಿಸ್ತುಕ್ರಮವನ್ನು ಧಾರಾಳವಾಗಿ ಕೈಗೊಳ್ಳಿ, ಎದುರಾಡುವುದಿಲ್ಲ. ಆದರೆ ಆ ಇಂಜೆಕ್ಷನ್ ಆದೇಶವನ್ನು ಇಂದೇ ಕಿತ್ತುಹಾಕಿ. ಇನ್ನು ಮುಂದೆ ಬೆಂಗಾವಲಿಗೆ ನನ್ನನ್ನು ಕರೆಯುವುದಿಲ್ಲವೆಂದು ಬರೆದುಕೊಡಿ. ಇವೆರಡೂ ತಮ್ಮಿಂದ ಆಗದಿದ್ದರೆ ಗೇಟಿನ ಬೋರ್ಡಿನಿಂದ ನನ್ನ ಹೆಸರನ್ನು ಅಳಿಸಿ, ಮೈಸೂರಿಗೆ ಹೊರಟ ಕಾರನ್ನು ಇನ್ನೊಬ್ಬರು ನನ್ನನ್ನು ನಂಬಿ ನಿಲ್ಲಿಸುವ ಮೊದಲು.

ಇಂತಿ,
ಗಣ್ಯರ ಗಟ್ಟಿಮುಟ್ಟಾದ ಹೃದಯದ ಕಾವಲಿಗೆ ನೇಮಕಗೊಂಡ
ಡಾ. ಪವಿತ್ರ, ಹರದನಹಳ್ಳಿ