ನನ್ನ ಹೆಸರಿನ ಎರೆಹುಳು

ಅಪ್ಪಾ,

ನಿನ್ನ ಎರೆಹುಳುವನ್ನು ಇವತ್ತು ಸೀಸೆಯಿಂದ ತೆಗೆದೆ. ನಾನು ಹುಟ್ಟಿದ ವಾರ ನೀನು ಹೊಸ ಜಾತಿಯೆಂದು ಸಾರಿ, ನನ್ನ ಹೆಸರಿಟ್ಟೆಯಲ್ಲ, ಅದೇ. ನೀನು ಹೋದ ಮೇಲೆ ಸಂಗ್ರಹಾಲಯದ ನಿನ್ನ ಮೇಜು ನನಗೇ ಬಂದಿದೆ.

ನೀನು ಕೊಯ್ದ ಗೀಟನ್ನೇ ಹಿಡಿದು ಹುಳುವನ್ನು ಬಿಡಿಸಿದೆ. ಗೀಟು ಸೊಟ್ಟಗಿತ್ತು. ನಿನ್ನ ಕೈ ಹಾಗೆ ಸೊಟ್ಟಗೆ ಹೋದದ್ದನ್ನು ನಾನು ಬೇರೆ ಯಾವ ಹುಳುವಿನಲ್ಲೂ ಕಂಡಿಲ್ಲ.

ಸಂಗಾತಿಯ ವೀರ್ಯವನ್ನು ಕಾಪಿಡುವ ಚೀಲಗಳು ಮೂರೇ ಜೊತೆ ಎಂದು ನೀನು ಬರೆದಿದ್ದೆ. ಮುಂದಿನ ಉಂಗುರದಲ್ಲಿ ನಾಲ್ಕನೆಯ ಜೊತೆಯೂ ಇದೆ, ಸಾಸಿವೆಗಿಂತ ಚಿಕ್ಕದು. ಹುಳು ಇನ್ನೂ ಬಲಿತಿರಲಿಲ್ಲ. ಬಲಿತದ್ದರ ಮೈಸುತ್ತ ಇರುವ ದಪ್ಪ ಪಟ್ಟಿಯೇ ಇದಕ್ಕಿಲ್ಲ. ಎಳೆಯದಕ್ಕೆ ಹೆಸರಿಡಬಾರದೆಂದು ನನಗೆ ಕಲಿಸಿದವನೇ ನೀನು. ಆ ವಾರ ಅಷ್ಟೇನು ಅವಸರವಿತ್ತು ನಿನಗೆ?

ನಾಲ್ಕು ಜೊತೆಯ ಈ ಜಾತಿಗೆ ನಿನಗಿಂತ ಬಹಳ ಹಿಂದೆಯೇ ಯಾರೋ ಹೆಸರಿಟ್ಟಿದ್ದಾರೆ. ಮೊದಲಿಟ್ಟ ಹೆಸರೇ ನಿಲ್ಲಬೇಕು.

ಅಮ್ಮನಿಗೆ ಹೇಳಿದೆ.

"ಆ ಹೆಸರು ಹೇಳ್ಕೊಂಡು ನಿಮ್ಮಪ್ಪ ಬೀದಿಯೆಲ್ಲಾ ಸುತ್ತಿದ್ರು ಕಣೇ. ಸುಮ್ನಿದ್ಬಿಡು. ಹುಳದ ಹೊಟ್ಟೆ ಯಾರು ಬಗೆದು ನೋಡ್ತಾರೆ?"

"ನಾನು ನೋಡಿದೀನಲ್ಲಮ್ಮ."

ಇದನ್ನೆಲ್ಲ ಬರೆದ ಲೇಖನವನ್ನು ಸಂಜೆಯೇ ವಿಜ್ಞಾನ ಪತ್ರಿಕೆಗೆ ಕಳಿಸಿಬಿಟ್ಟೆ. ಇನ್ನು ಪುಸ್ತಕಗಳಲ್ಲಿ ಹಳೆಯ ಹೆಸರು ಮೇಲೆ, ನನ್ನದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ. ನೀನಿದ್ದಿದ್ದರೆ ಮೊದಲು ರೇಗುತ್ತಿದ್ದೆ, ಆಮೇಲೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೀನೇ ಎಣಿಸುತ್ತಿದ್ದೆ. ನಾಲ್ಕು ಅಂತ ನೀನೂ ಒಪ್ಪುತ್ತಿದ್ದೆ.

ಆ ಸೊಟ್ಟ ಗೀಟಿನ ವಿಷಯವನ್ನು ಮಾತ್ರ ಲೇಖನದಲ್ಲಿ ಬರೆದಿಲ್ಲ. ಅದು ನನ್ನದು.