ಕಪ್ಪು ಬಟ್ಟೆಯ ಮೇಲಿಲ್ಲದ ಹೆಸರು

ಅಮ್ಮಾ,

ನೀನು ಸತ್ತ ಸುದ್ದಿ ಬರೆಸಿದ ಕಪ್ಪು ಬಟ್ಟೆಯನ್ನು ಇವತ್ತು ಹಿಲ್ಲಾ ಪಟ್ಟಣದ ನಮ್ಮ ಬೀದಿಯ ಮೂಲೆಯಲ್ಲಿ ಕಟ್ಟಿದರು. ಅದರಲ್ಲಿ ಅಪ್ಪನ ಹೆಸರಿದೆ, ಅಣ್ಣ ಶಾಕಿರನದಿದೆ, ನೀನು ಹಾಸಿಗೆ ಹಿಡಿದಾಗ ಒಮ್ಮೆಯೂ ಬಂದು ನೋಡದ ಚಿಕ್ಕಪ್ಪಂದಿರದೂ ಇದೆ. ನಿನ್ನದು ಮಾತ್ರ ಇಲ್ಲ. ‘ಶಾಕಿರನ ತಾಯಿ’ ಎಂದಷ್ಟೇ ಬರೆಸಿದ್ದಾರೆ.

“ಅಲ್ಲಣ್ಣಾ, ಸತ್ತೋರು ಯಾರು ಅಂತ ಬರೆಸೋದು ಬೇಡ್ವಾ?” ಎಂದೆ.

“ಹೆಂಗಸಿನ ಹೆಸರನ್ನ ಬೀದೀಲಿ ನೇತು ಹಾಕ್ತಾರೇನೇ? ಟೀ ಅಂಗಡೀಲಿ ಕೂತೋರೆಲ್ಲ ಓದ್ಬೇಕಾ? ನಿನ್ನ ಕಾದಂಬರಿ ಹುಚ್ಚೆಲ್ಲ ಇಲ್ಲಿ ಬೇಡ,” ಅಂದ, ನಿನ್ನ ಸಾವಿಗೆ ಬಂದವರಿಗೆಂದು ಕಾಯಿಸಿದ ಕಹಿ ಕಾಫಿಯನ್ನು ಸೊರಸೊರ ಹೀರುತ್ತಾ.

ಬಟ್ಟೆಯ ತುದಿಯಲ್ಲಿ ನಾನೇ ‘ಬದ್ರಿಯಾ’ ಎಂದು ನಿನ್ನ ಹೆಸರು ಬರೆಯುತ್ತೇನೆಂದು ಬಣ್ಣ ಹುಡುಕಲು ಕೋಣೆಗೆ ಹೋದೆ. ಅಲ್ಲಿ ನಾನು ಬರೆದ ಕಾದಂಬರಿ ಕಣ್ಣಿಗೆ ಬಿತ್ತು. ಗಂಡನ ಮನೆಯ ಬಾಗಿಲು ದೂಡಿ ಹೊರಟವಳ ಕಥೆ. ನಿನಗೆ ಓದಲು ಬಾರದೆಂದು ನಾನೇ ಓದಿ ಹೇಳಿದ್ದೆ. ಮೊದಲ ಪುಟ ತೆರೆದೆ. ಅರ್ಪಣೆ: ‘ಶಾಕಿರನ ತಾಯಿಗೆ.’

ಅವತ್ತು ಅದನ್ನು ಕೇಳಿ ನೀನು, “ಅದು ನಾನೇನೇ?” ಎಂದಿದ್ದೆ.

ನಾನು ನಕ್ಕು ಪುಟ ತಿರುವಿದ್ದೆ.